ಗೋಡೆಯಾಚೆಯ ಬೇಸ್ ಗಿಟಾರು

ಕಾಕಾ ತೀರಿಕೊಂಡ ದಿನ ಓಣಿಯವರು ಬ್ಯಾನರಿಗೆ ಹಾಕಲು ಒಂದು ಫೋಟೊ ಕೇಳಿದರು. ಬನಹಟ್ಟಿಯಲ್ಲಿ ಈಗ ಬ್ಯಾನರ್ ಇಲ್ಲದೆ ಯಾರೂ ಸಾಯುವಂತಿಲ್ಲ. ನನ್ನ ಮೊಬೈಲಿನಲ್ಲಿ ಹುಡುಕಿದೆ, ಹೆಂಡತಿಯ ಮೊಬೈಲಿನಲ್ಲಿ ಹುಡುಕಿದೆ, ಕಾಕಾನ ಹೆಂಡತಿ ಚಿಗವ್ವನ ಹಳೆಯ ಮೊಬೈಲಿನಲ್ಲೂ ಹುಡುಕಿದೆ. ಫೋಟೊಗಳಿಗೇನೂ ಕಡಿಮೆಯಿರಲಿಲ್ಲ. ಆದರೆ ಎಲ್ಲದರಲ್ಲೂ ಬರೀ ಬೆನ್ನು. ಬಿಳಿ ಬನಿಯನ್ನು, ಅದರ ಮೇಲೆ ಗ್ರೀಸಿನ ಕಲೆ, ಎಡಭುಜದಿಂದ ಇಳಿದ ಗಿಟಾರಿನ ಪಟ್ಟಿ, ಎದುರಿಗೆ ಸುಣ್ಣ ಉದುರಿದ ಮೂಲೆ. ಕೊನೆಗೆ ಆಧಾರ್ ಕಾರ್ಡಿನ ಫೋಟೊವನ್ನೇ ದೊಡ್ಡದು ಮಾಡಿಸಿದೆವು. ಆ ಫೋಟೊದಲ್ಲಿ ಚೆನ್ನಾಗಿ ಕಂಡವರು ಇದುವರೆಗೆ ಯಾರೂ ಇಲ್ಲ. ಕಾಕಾ ಅಂತೂ ಯಾರದೋ ಸೈಕಲ್ ಕದ್ದು ಸಿಕ್ಕಿಬಿದ್ದವರ ಹಾಗೆ ಕಾಣುತ್ತಿದ್ದರು. ನೋಡಿದ ಚಿಗವ್ವ, "ಇವರ್ಯಾರು?" ಅಂದಳು.

ಅವರು ನನಗೆ ರಕ್ತಸಂಬಂಧದ ಕಾಕಾ ಅಲ್ಲ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಈಚೆಗೆ ನಮ್ಮ ನಾಲ್ಕು ಪವರ್‌ಲೂಮ್ ಮಗ್ಗಗಳು, ಆಚೆಗೆ ಅವರ ಒಂದೂವರೆ ಖೋಲಿಯ ಮನೆ. ನಮ್ಮ ಮಗ್ಗದ ಸದ್ದಿಗೆ ಅವರ ಮನೆಯ ಪಾತ್ರೆಗಳು ಗೋಡೆಯ ಗೂಡಿನಂಥ ಮಾಡದಿಂದ ತಾವಾಗಿಯೇ ಸರಿಯುತ್ತ ಅಂಚಿಗೆ ಬರುತ್ತಿದ್ದವು. ಚಿಗವ್ವ ದಿನಕ್ಕೆ ಎರಡು ಸಲ ಅವನ್ನು ಒಳಗೆ ತಳ್ಳುತ್ತಿದ್ದಳು. ನಾನು ಹುಟ್ಟಿದಾಗಿನಿಂದ ಅವಳು ಅದನ್ನು ಮಾಡುವುದನ್ನು ನೋಡಿದ್ದೇನೆ. ಒಮ್ಮೆಯೂ ಅದನ್ನು ದೂರಾಗಿ ಹೇಳಿದ್ದು ಕೇಳಿಲ್ಲ.

ಕಾಕಾ ಮಗ್ಗ ರಿಪೇರಿ ಮಾಡುವ ಫಿಟ್ಟರ್ ಆಗಿದ್ದರು. ಅವರು ಮಗ್ಗ ನೋಡುವ ರೀತಿಯೇ ಬೇರೆ. ನಟ್ಟು ಬಿಚ್ಚುವ ಪಾನಾದ ಒಂದು ತುದಿಯನ್ನು ಓಡುವ ಮಗ್ಗದ ಚೌಕಟ್ಟಿಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಹೊಸಬರು ನೋಡಿದರೆ ನಗು ಬರಬೇಕು. ನಾಲ್ಕು ಉಸಿರು ಕಳೆದ ಮೇಲೆ ಪಾನಾ ಬಾಯಿಂದ ತೆಗೆದು, "ಎಡಗಡಿ ಬೇರಿಂಗ್ ಹೋಗೇತಿ. ಇನ್ನ ಎಂಟ ದಿನಾ ತಡೀತೈತಿ" ಅನ್ನುವರು. ಒಂಬತ್ತನೆಯ ದಿನ ಬೇರಿಂಗ್ ಹೋಗುತ್ತಿತ್ತು. ಇಷ್ಟು ಗದ್ದಲದಲ್ಲಿ ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆ ಕೇಳಿದೆ.

"ಕಿವಿ ಗದ್ದಲಕ್ಕ ಹೆದರ್ತಾವ ತಮ್ಮಾ. ಹಲ್ಲು ಹೆದರೂದಿಲ್ಲ."

ಮಗ್ಗದ ಕೆಲಸದಲ್ಲಿ ಅವರು ನನಗೆ ಕಲಿಸಿದ ಮೊದಲ ಪಾಠ, ಓಡುವ ಮಗ್ಗವನ್ನು ನಿಲ್ಲಿಸಬಾರದು ಎನ್ನುವುದು. ನಿಂತು ಮತ್ತೆ ಶುರುವಾದ ಕಡೆ ಸೀರೆಯ ಮೇಲೆ ಅಡ್ಡಕ್ಕೆ ಒಂದು ಗೆರೆ ಬೀಳುತ್ತದೆ. ಒಗೆದರೂ ಹೋಗುವುದಿಲ್ಲ, ಇಸ್ತ್ರಿ ಮಾಡಿದರೂ ಹೋಗುವುದಿಲ್ಲ, ವ್ಯಾಪಾರಿಯ ಕಣ್ಣು ತಪ್ಪುವುದಂತೂ ಇಲ್ಲವೇ ಇಲ್ಲ. "ನಿಲ್ಲಿಸಿದ್ದು ನೀ ಮರೀತಿ, ಬಟ್ಟಿ ಮರಿಯೂದಿಲ್ಲ" ಅನ್ನುತ್ತಿದ್ದರು. ಅಕಸ್ಮಾತ್ ಕರೆಂಟು ಹೋಗಿ ಮಗ್ಗ ನಿಂತರೆ, ಗೋಡೆ ಸುತ್ತಿ ನಮ್ಮ ಶೆಡ್ಡಿಗೆ ಬರುತ್ತಿದ್ದರು. ಕರೆಂಟು ಬಂದ ಮೇಲೆ ಒಂದೊಂದೇ ಮಗ್ಗದ ಗಾಲಿಯನ್ನು ಕೈಯಿಂದ ಹಿಂದಕ್ಕೆ ತಿರುವಿ, ನೂಲು ಬಡಿದು ಕೂಡಿಸುವ ಹಣಿಗೆಯನ್ನು ಎಳೆ ಮುಟ್ಟಿಯೂ ಮುಟ್ಟದ ಹಾಗೆ ತಂದು ನಿಲ್ಲಿಸಿ, ಆಮೇಲೆ ಬಿಡುತ್ತಿದ್ದರು. ಗೆರೆ ಕಾಣುತ್ತಿರಲಿಲ್ಲ. ಆ ಕೈ ಊರಿನಲ್ಲಿ ಇನ್ನೊಬ್ಬರಿಗೆ ಇರಲಿಲ್ಲ.

ಆ ಕೈಗೆ ಬೇಸ್ ಗಿಟಾರು ಬಂದದ್ದು ಮುಧೋಳದ ಒಂದು ಆರ್ಕೆಸ್ಟ್ರಾದಿಂದ. ಹರೆಯದಲ್ಲಿ ಲಗ್ನದ ಸೀಜನ್ನಿಗೆ ಅವರು ಆ ತಂಡದಲ್ಲಿ ಬಾರಿಸುತ್ತಿದ್ದರಂತೆ. ಡಿಜೆ ಬಂದು ಆರ್ಕೆಸ್ಟ್ರಾಗಳೆಲ್ಲ ಮಣ್ಣು ಕಂಡ ಮೇಲೆ ಗಿಟಾರು ಅವರ ಬಳಿಯೇ ಉಳಿಯಿತು. ಬೀಳಗಿಯ ಒಂದು ಲಗ್ನದಲ್ಲಿ ಬೀಗರೊಬ್ಬರು, "ಎಲ್ಲಾರ ಗಿಟಾರಿಗೂ ಆರ ತಂತಿ ಇರ್ತಾವ, ನಿಮ್ಮದಕ್ಕ ನಾಕ ಅದಾವಲ್ರಿ" ಎಂದು ಕೇಳಿದ್ದರಂತೆ. "ಉಳದ ಎರಡು ಸಣ್ಣ ಮಾತ ಆಡೂ ತಂತಿ. ನಾನ ಬ್ಯಾಡ ಅಂದೇನ್ರಿ" ಎಂದು ಕಾಕಾ ಉತ್ತರ ಕೊಟ್ಟಿದ್ದರು. ಬೇಸ್ ಎಂದರೆ ಏನು ಎಂದು ನನಗೆ ಗೊತ್ತಾದದ್ದೂ ಅವರಿಂದಲೇ. "ಸೀರ್ಯಾಗ ಉದ್ದಕ್ಕ ಹಾಸಿದ ಎಳಿ, ಹಾಸು, ಇದ್ದಂಗ ಅದು. ಮಂದಿ ಸೆರಗ ನೋಡ್ತಾರ, ಹೂವ ನೋಡ್ತಾರ. ಹಾಸು ಯಾರ ನೋಡ್ತಾರ? ಆದ್ರ ಅದನ್ನೊಂದ ತಗದ ನೋಡ, ಸೀರಿ ಎಲ್ಲೈತಿ?"

ನಾಲ್ಕು ವರ್ಷದ ಹಿಂದೆ ಅವರಿಗೆ ಕಿವಿ ಕೇಳಿಸುವುದು ಕಡಿಮೆಯಾಯಿತು. ಅದೂ ಒಂದು ವಿಚಿತ್ರ ರೀತಿಯಲ್ಲಿ. ಕುಕ್ಕರಿನ ಸೀಟಿ ಕೇಳುತ್ತಿರಲಿಲ್ಲ, ರಸ್ತೆಯ ತುದಿಯಲ್ಲಿ ಬರುವ ಕಬ್ಬಿನ ಟ್ರ್ಯಾಕ್ಟರ್ ಕೇಳುತ್ತಿತ್ತು. ಬಳೆಯ ಸದ್ದು ಕೇಳುತ್ತಿರಲಿಲ್ಲ, ಗುಡುಗು ಕೇಳುತ್ತಿತ್ತು. ಜಮಖಂಡಿಯ ಕಿವಿ ಡಾಕ್ಟರರ ಹತ್ತಿರ ನಾನೇ ಕರೆದುಕೊಂಡು ಹೋದೆ. ಸಣ್ಣ ದನಿಗಳೆಲ್ಲ ಹೋಗಿವೆ, ದಪ್ಪ ದನಿಗಳು ಮಾತ್ರ ಉಳಿದಿವೆ, ಮಗ್ಗದ ಶೆಡ್ಡು ಬಿಡದಿದ್ದರೆ ಅವೂ ಹೋಗುತ್ತವೆ ಎಂದರು ಡಾಕ್ಟರ್. ಮನೆಗೆ ಬಂದು ಹೇಳಿದಾಗ ಚಿಗವ್ವ, "ನನ್ನ ಮಾತ ಇವರಿಗೆ ಮೂವತ್ತ ವರ್ಷದಿಂದ ಕೇಳಿಸಿಲ್ಲ. ಈಗ ಡಾಕ್ಟರ್ ಚೀಟಿ ಬರದ ಕೊಟ್ಟಾರ, ಅಷ್ಟ" ಅಂದಳು. ನಾವು ಮೂವರೂ ನಕ್ಕೆವು. ಆಮೇಲೆ ಅವಳು ಒಲೆಯ ಕಡೆ ತಿರುಗಿ ಬಹಳ ಹೊತ್ತು ಈ ಕಡೆ ನೋಡಲಿಲ್ಲ.

ಶೆಡ್ಡು ಬಿಡಬೇಕು. ಬಿಟ್ಟು ಏನು ಮಾಡಬೇಕು? ಫಿಟ್ಟರ್ ಕೆಲಸ ಬಿಟ್ಟರೆ ಅವರಿಗೆ ಗೊತ್ತಿದ್ದದ್ದು ನಾಲ್ಕು ತಂತಿ ಮಾತ್ರ. ಹಳೆಯ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಗೆಳೆಯರೊಬ್ಬರು ಈಗ ಹುಬ್ಬಳ್ಳಿಯಲ್ಲಿ ಸಣ್ಣ ಸ್ಟುಡಿಯೋ ಇಟ್ಟಿದ್ದಾರೆ. ತತ್ವಪದ, ಜಾನಪದ, ಭಕ್ತಿಗೀತೆ ರೆಕಾರ್ಡ್ ಮಾಡುತ್ತಾರೆ. "ನಾ ಹಾಡ ಕಳಸ್ತೀನಿ, ನೀ ಮನ್ಯಾಗ ಕುಂತ ಬೇಸ್ ಬಾರಿಸಿ ರೆಕಾರ್ಡ್ ಮಾಡಿ ಕಳಸ. ಒಂದ ಹಾಡ ಕ್ಲೀನ್ ಬಂತಂದ್ರ ಕೆಲಸಾ ಕೊಡ್ತೀನಿ" ಎಂದು ಅವರು ಮಾತು ಕೊಟ್ಟರು. ಒಂದು ಹಾಡು. ಕಿವಿ ಪೂರ್ತಿ ಹೋಗುವುದರೊಳಗೆ ಒಂದು ಹಾಡು ಸ್ವಚ್ಛವಾಗಿ ಬಂದರೆ ಶೆಡ್ಡಿನಿಂದ ಹೊರಗೆ ಬರಬಹುದಿತ್ತು.

ಕಾಕಾ ಹಳೆಯ ಲ್ಯಾಪ್‌ಟಾಪ್ ತಂದರು, ಗಿಟಾರಿನ ವೈರನ್ನು ಅದಕ್ಕೆ ಜೋಡಿಸುವ ಒಂದು ಕೆಂಪು ಡಬ್ಬಿ ತಂದರು, ಮೊಬೈಲಿನಲ್ಲಿ ಹಿಂದಿ, ಮರಾಠಿ ವಿಡಿಯೋ ನೋಡಿ ನೋಡಿ ಕಲಿತರು. ತಂತಿಗಳು ಹಳತಾಗಿ ದನಿ ಸತ್ತಿತ್ತು. ಹೊಸ ತಂತಿ ಇಲ್ಲಿ ಎಲ್ಲಿ ಸಿಗಬೇಕು? ಬಿಚ್ಚಿ ನೀರಿನಲ್ಲಿ ಕುದಿಸಿದರೆ ಮತ್ತೆ ದನಿ ಬರುತ್ತದೆ ಎಂದು ಯಾವುದೋ ವಿಡಿಯೋದಲ್ಲಿ ನೋಡಿ, ಚಹಾದ ಪಾತ್ರೆಯಲ್ಲೇ ಹಾಕಿ ಕುದಿಸಿದರು. "ನಾಕ ಮಂದೀಗಿ ಚಾ ಇಡ್ತಾರಂತ ತಿಳದ್ನಿ, ನಾಕ ತಂತಿ ಕುದಿಸಾಕತ್ತಾರ" ಎಂದು ಚಿಗವ್ವ ಓಣಿಗೆಲ್ಲ ಸಾರಿದಳು. ದನಿ ಮಾತ್ರ ನಿಜವಾಗಿ ಬಂತು. ಬಂದ ದನಿ ಹೆಚ್ಚು ಹೊತ್ತು ಗುನುಗುಟ್ಟಬಾರದು, ಹೇಳಿ ಸುಮ್ಮನಾಗಬೇಕು ಎಂದು ಮಗ್ಗದ ಕೆಳಗೆ ಬಿದ್ದ ನೂಲಿನ ಉಂಡೆಯನ್ನು ತಂತಿಗಳ ಅಡಿಗೆ ತುರುಕಿದರು. ಇಯರ್‌ಫೋನು ಹಾಕಿಕೊಂಡರೂ ಸಮಾಧಾನವಾಗದೆ ಗದ್ದವನ್ನು ಗಿಟಾರಿನ ಮೈಗೆ ಒತ್ತಿ ಕೂರುತ್ತಿದ್ದರು. ಮಗ್ಗಕ್ಕೆ ಪಾನಾ ಒತ್ತಿ ಕಚ್ಚಿ ನಿಂತಾಗಿನ ಅದೇ ಧ್ಯಾನ.

ಮೈಕು ಇಲ್ಲದೆ ನೇರ ವೈರಿನಿಂದ ರೆಕಾರ್ಡ್ ಮಾಡುವುದರಿಂದ ಮಗ್ಗದ ಖಟಖಟ ಒಳಗೆ ಬರುತ್ತಿರಲಿಲ್ಲ. ಆದರೆ ಗೋಡೆಯ ಈಚೆ ಇದ್ದ ನಮ್ಮ ಮೋಟರುಗಳ ಗುಂಯ್ ಎನ್ನುವ ಸದ್ದನ್ನು ಗಿಟಾರು ತಾನೇ ಎಳೆದುಕೊಳ್ಳುತ್ತಿತ್ತು. ಮೊದಲ ಹಾಡು ವಾಪಸ್ ಬಂತು: "ಬೇಸ್ ಹಿಂದ ಒಂದ ಗಿರಣಿ ಓಡಾಕತ್ತೈತಿ." ಗಿಟಾರನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರೆ ಆ ಗುಂಯ್ ಹೆಚ್ಚು ಕಡಿಮೆಯಾಗುವುದನ್ನು ಕಾಕಾ ಕಂಡುಹಿಡಿದರು. ಖೋಲಿಯ ಇಂಚಿಂಚೂ ಕೂತು ನೋಡಿ, ಕೊನೆಗೆ ಜೋಳದ ಡಬ್ಬಿಗೂ ಗೋಡೆಗೂ ನಡುವಿನ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಕೂತರೆ ಅದು ಎಲ್ಲಕ್ಕಿಂತ ಕಡಿಮೆ ಎಂದು ತೀರ್ಮಾನಿಸಿದರು. ಗೇಣು ಅಲುಗಿದರೆ ಮತ್ತೆ ಬರುತ್ತಿತ್ತು. ತಂತಿಯಿಂದ ಕೈ ಎತ್ತಿದರೂ ಬರುತ್ತಿತ್ತು. ಹಾಗಾಗಿ ಮಂಡಿ ಮಡಚಿ, ಮೂಗೂ ಗಿಟಾರಿನ ತುದಿಯೂ ಗೋಡೆಗೆ ತಾಗುವಷ್ಟು ಹತ್ತಿರ, ಸೊಳ್ಳೆ ಕಚ್ಚಿದರೂ ಕೈ ಬಿಡದೆ ಕೂರುತ್ತಿದ್ದರು. ಮನೆಗೆ ಬಂದವರನ್ನೆಲ್ಲ ಅವರ ಬೆನ್ನೇ ಮಾತಾಡಿಸುತ್ತಿತ್ತು. ಶೆಡ್ಡಿನಿಂದ ಹೊರಗೆ ಬರುವುದಕ್ಕೆ ಹುಡುಕಿದ ದಾರಿ ಶೆಡ್ಡಿಗಿಂತ ಇಕ್ಕಟ್ಟಾಗಿತ್ತು.

ಎರಡನೆಯ ಹಾಡೂ ವಾಪಸ್ ಬಂತು. ಈ ಸಲದ ಕಾರಣ ಕೇಳಿ ನಾನು ನಕ್ಕೆ, ಆಮೇಲೆ ನಗಬಾರದಿತ್ತು ಅನ್ನಿಸಿತು. ಬೇಸ್ ಹಾಡಿಗಿಂತ ಒಂದು ಕೂದಲೆಳೆಯಷ್ಟು ಮೇಲಿದೆ ಎಂದಿದ್ದರು ಹುಬ್ಬಳ್ಳಿಯವರು. ಕಾಕಾ ತಂತಿ ಶ್ರುತಿ ಮಾಡುತ್ತಿದ್ದದ್ದು ಮೋಟರಿನಿಂದ. ಎಲ್ಲಕ್ಕಿಂತ ಸಣ್ಣ ತಂತಿಯನ್ನು ಮೋಟರಿನ ಗುಂಯ್‌ಗೆ ಕೂಡಿಸಿ, ಉಳಿದ ಮೂರನ್ನು ಅದಕ್ಕೆ ಹೊಂದಿಸುತ್ತಿದ್ದರು. ಆ ಎರಡು ದನಿಗಳು ಅಷ್ಟು ಹತ್ತಿರ, ಆದರೆ ಒಂದೇ ಅಲ್ಲ. ನಾನು ಮೊಬೈಲಿನ ಶ್ರುತಿ ತೋರಿಸಿದರೆ, "ಮೊಬೈಲ್ ಸುಳ್ಳ ಹೇಳಬಹುದು. ಮೋಟರ್ ಯಾಕ ಸುಳ್ಳ ಹೇಳ್ತೈತಿ?" ಎಂದು ವಾದಕ್ಕೆ ನಿಂತರು. ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಮೂರನೆಯ ದಿನ ತಾವೇ ಬಂದು ಹೇಳಿದರು:

"ಖರೆ ಐತಿ ತಮ್ಮಾ. ಇಷ್ಟ ವರ್ಷಾ ನಾ ಅಷ್ಟ ಅಲ್ಲ, ನಮ್ಮ ಊರಿಗ ಊರ ಒಂದ ಕೂದಲೆಳಿ ಮ್ಯಾಲ ಐತಿ."

ಮೂರನೆಯ ಹಾಡು ಶ್ರುತಿಯಲ್ಲಿತ್ತು. ಆದರೆ ಹಿಂದಿನ ಗುಂಯ್ ಇನ್ನೂ ಉಳಿದಿದೆ ಎಂದು ಅದೂ ವಾಪಸ್ ಬಂತು. ಹಗಲು ರಾತ್ರಿ ಓಡುವ ಮಗ್ಗಗಳಿಗೂ ವಾರದ ರಜೆ ಇರುತ್ತದಲ್ಲ, ಆ ದಿನ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವತ್ತು ನಮ್ಮ ಕಡೆ ಬೆಳಗಿನಿಂದ ಸಂಜೆವರೆಗೆ ಕರೆಂಟು ತೆಗೆಯುತ್ತಾರೆ, ಬ್ಯಾಟರಿ ಸತ್ತ ಆ ಲ್ಯಾಪ್‌ಟಾಪು ಕರೆಂಟಿಲ್ಲದೆ ಏಳುತ್ತಿರಲಿಲ್ಲ. ಅಲ್ಲದೆ ಮಗ್ಗ ನಿಂತ ದಿನವೇ ಫಿಟ್ಟರಿಗೆ ಕೆಲಸ, ರಬಕವಿಯಿಂದ ಬನಹಟ್ಟಿಯವರೆಗೆ ಎಲ್ಲ ಶೆಡ್ಡುಗಳಿಂದ ಕರೆ. ಊರು ಸುಮ್ಮನಾದ ಹೊತ್ತೆಲ್ಲ ಕಾಕಾ ಯಾರದೋ ಮಗ್ಗದ ಕೆಳಗೆ ಅಂಗಾತ ಮಲಗಿರುತ್ತಿದ್ದರು. ಒಮ್ಮೆ ಗಿಟಾರು ಹೊತ್ತು ಚಿಕ್ಕಪಡಸಲಗಿಯಲ್ಲಿ ಹೊಳೆದಂಡೆಗಿದ್ದ ನೆಂಟರ ಹೊಲದ ಮನೆಗೆ ಹೋದರು. ಅಲ್ಲಿ ಗೋಡೆಯ ಹಿಂದೆಯೇ ನೀರೆತ್ತುವ ಮೋಟರು. "ಹೊಳಿ ತನಕಾ ಹೋದ್ರೂ ಅದ ಮೋಟರ್" ಎಂದು ವಾಪಸ್ ಬಂದರು.

ಅದಾದ ಮೇಲೆ ಒಂದು ದಿನ ಮಧ್ಯಾಹ್ನ ನಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತರು. ಒಳಗೆ ಬಂದು ಪಾನಾ ಕಚ್ಚುವವರು, ಅವತ್ತು ಹೊಸ್ತಿಲು ದಾಟಲಿಲ್ಲ.

"ತಮ್ಮಾ, ಒಂದ ಹಾಡ ಬಾರಸೂತನಕ ಮಗ್ಗ ನಿಲ್ಲಸ್ತಿ ಏನ?"

ಹಬ್ಬದ ಸೀರೆ ಮುಗಿಸಿ ಕೊಡುವ ಅವಸರದಲ್ಲಿದ್ದೆ. ಕೈಯಲ್ಲಿ ಲಾಳಿ ಹಿಡಿದೇ ಹೇಳಿದೆ: "ಗೆರಿ ಬೀಳತಾವ ಕಾಕಾ. ನೀವ ಕಲಸೀರಿ ನನಗ."

"ಹೌದ, ನಾನ ಕಲಸೇನಿ" ಎಂದರು. ಹೋದರು. ಅವರ ದನಿಯಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಎಷ್ಟೋ ಚೆನ್ನಾಗಿತ್ತು.

ಪಕ್ಕದ ಮಗ್ಗದಲ್ಲಿದ್ದ ನನ್ನ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ಊಟಕ್ಕೆ ರೊಟ್ಟಿ ಹಾಕುತ್ತ ಶುರು ಮಾಡಿದಳು. "ಕರೆಂಟ ಹೋದ್ರ ದಿನಕ್ಕ ನಾಕ ಸಲ ನಿಲ್ತಾವಲ್ರಿ ನಿಮ್ಮ ಮಗ್ಗ?"

"ಅದು ನಮ್ಮ ಕೈಯಾಗ ಇಲ್ಲ."

"ಇದು ಐತಿ. ಕರೆಂಟಿನವರಿಗಿ ಇದ್ದ ಹಕ್ಕು ಕಾಕಾಗ ಇಲ್ಲೇನು?"

ನಾನು ಇನ್ನೊಂದು ರೊಟ್ಟಿ ಮುರಿದೆ. ಅವಳೇ ಎದ್ದು ಹೋಗಿ ಚಿಗವ್ವನೊಡನೆ ಮಾತಾಡಿಕೊಂಡು ಬಂದಳು. ಚಿಗವ್ವ ಆಚೆಯಿಂದ ಗೋಡೆಗೆ ಪಾನಾದಿಂದ ಒಂದು ಸಲ ಬಡಿದರೆ ನಾವು ಮಗ್ಗ ನಿಲ್ಲಿಸಬೇಕು, ಎರಡು ಸಲ ಬಡಿದರೆ ಶುರು ಮಾಡಬೇಕು.

ಮೊದಲ ಪೆಟ್ಟು ಬಿತ್ತು. ನಾಲ್ಕೂ ಮಗ್ಗ ನಿಲ್ಲಿಸಿದೆವು. ಎಷ್ಟು ಹೊತ್ತಾದರೂ ಆಚೆಯಿಂದ ಯಾವ ಸದ್ದೂ ಇಲ್ಲ. ಓಡಿಹೋಗಿ ನೋಡಿದರೆ ಕಾಕಾ ಮೂಲೆಯಲ್ಲಿ ಹಾಗೇ ಕೂತಿದ್ದಾರೆ, ಬೆರಳು ತಂತಿಯ ಮೇಲಿದೆ, ಬಾರಿಸುತ್ತಿಲ್ಲ.

"ತಾಳ ಸಿಗವಲ್ದಲೋ" ಅಂದರು ಮುಖ ತಿರುಗಿಸದೆಯೇ. "ಬಾರಸಾಕ ಕುಂತಾಗ ಇಷ್ಟ ಸುಮ್ನ ಇದ್ದದ್ದ ನೋಡೇ ಇಲ್ಲ ನಾ. ಬಾವ್ಯಾಗ ಇಳದಂಗ ಆಗಾಕತ್ತೈತಿ."

ಮತ್ತೆ ಶುರು ಮಾಡಿದೆವು, ಮತ್ತೆ ನಿಲ್ಲಿಸಿದೆವು. ಒಮ್ಮೆ ಹಾಡಿಗಿಂತ ಮುಂದೆ ಓಡಿದರು, ಒಮ್ಮೆ ಬೆವರಿಗೆ ಬೆರಳು ಜಾರಿತು, ಒಮ್ಮೆ ಎಲ್ಲ ಸರಿಯಾಗಿ ಬಂದ ಮೇಲೆ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಗುಂಡಿಯನ್ನೇ ಒತ್ತಿರಲಿಲ್ಲ ಎಂದು ಗೊತ್ತಾಯಿತು. ಪ್ರತಿ ಸಲವೂ ಗೋಡೆಯ ಮೇಲೆ ಪೆಟ್ಟು. ಗಾಲಿಯನ್ನು ಕೈಯಿಂದ ತಿರುವಿ ಗೆರೆ ಮುಚ್ಚುವವರು ಗೋಡೆಯ ಆಚೆ ಇದ್ದರು, ನಮಗೆ ಆ ಕೈ ಇರಲಿಲ್ಲ. ಏಳನೆಯ ಸಲ ನಿಲ್ಲಿಸಿದಾಗ ಸಾಕಾಗಿ ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟೆ.

ಆಗ ಅದು ಬಂತು. ಕಿವಿಗಿಂತ ಮೊದಲು ಬೆನ್ನಿಗೆ ತಿಳಿಯಿತು. ಗೋಡೆಯೊಳಗಿನಿಂದ ಯಾರೋ ಅಂಗೈ ಇಟ್ಟು, ತೆಗೆದು, ಮತ್ತೆ ಇಡುತ್ತಿದ್ದ ಹಾಗೆ. ಅವಸರವಿಲ್ಲ, ಬೇಡಿಕೆಯಿಲ್ಲ. ಹುಟ್ಟಿದಾಗಿನಿಂದ ಆ ಗೋಡೆಗೆ ಒರಗಿದ್ದೇನೆ, ಅದರಿಂದ ನಮ್ಮದೇ ಗದ್ದಲ ಬಿಟ್ಟು ಬೇರೇನೂ ನನಗೆ ಬಂದಿರಲಿಲ್ಲ. ಎದುರಿಗೆ ಕೂತ ಹೆಂಡತಿಯ ಕಣ್ಣಲ್ಲಿ ನೀರಿತ್ತು. ನನಗೂ ಬಂತು. ಹೇಳಲು ನಾಚಿಕೆಯೇನಿಲ್ಲ. ಎರಡು ಪೆಟ್ಟು ಬಿದ್ದ ಮೇಲೂ ಸ್ವಲ್ಪ ಹೊತ್ತು ನಾವು ಮಗ್ಗ ಶುರು ಮಾಡಲಿಲ್ಲ.

ನಾಲ್ಕು ಸೀರೆಗಳಲ್ಲೂ ಏಳೇಳು ಗೆರೆ ಬಿದ್ದವು. ವ್ಯಾಪಾರಿ ನಾಲ್ಕನ್ನೂ ವಾಪಸ್ ಕಳಿಸಿದ. ಅದರಲ್ಲಿ ಒಂದನ್ನು ನನ್ನ ಹೆಂಡತಿ ಉಡುತ್ತಾಳೆ, ಒಂದನ್ನು ಚಿಗವ್ವನಿಗೆ ಕೊಟ್ಟಳು.

ಹಾಡು ಹುಬ್ಬಳ್ಳಿಯಲ್ಲಿ ಪಾಸಾಯಿತು. ಸ್ವಲ್ಪ ದಿನದಲ್ಲಿ ಊರಿನ ಎಲ್ಲರ ಮೊಬೈಲಿಗೂ ಬಂತು, ಚಹಾದಂಗಡಿಯಲ್ಲೂ ಅದೇ. ನಾನು ಉಬ್ಬಿ ಹೋಗಿ ಮೊಬೈಲನ್ನು ಕಾಕಾನ ಕೈಗೆ ಕೊಟ್ಟೆ. ಕಿವಿಗೆ ಹಿಡಿದರು. ಆಮೇಲೆ ಗದ್ದಕ್ಕೆ ಒತ್ತಿಕೊಂಡರು. ಕೊನೆಗೆ ಅದರ ಅಂಚನ್ನು ಹಲ್ಲಿನಲ್ಲಿ ಮೆಲ್ಲಗೆ ಕಚ್ಚಿ ನೋಡಿದರು.

"ಇದರಾಗ ನಾ ಇಲ್ಲಲೋ ತಮ್ಮಾ."

ಮೊಬೈಲಿನ ಆ ಸಣ್ಣ ಸ್ಪೀಕರಿನಿಂದ ಬೇಸ್ ಹೊರಗೆ ಬರುವುದೇ ಇಲ್ಲ. ಊರಿಗೆ ಕೇಳಿದ್ದು ಅವರಿಗೆ ಕೇಳಲಿಲ್ಲ, ಅವರಿಗೆ ಕೇಳುವಂಥದ್ದು ಊರಿಗೆ ಕೇಳಲಿಲ್ಲ. ನಾನು ಏನೋ ಸಮಾಧಾನ ಹೇಳಲು ಹೋದೆ. "ಹಾಸು ಯಾರ ನೋಡ್ತಾರಂತ ಹೇಳಿದ್ನಿಲ್ಲೋ?" ಎಂದು ಮೊಬೈಲು ಒರೆಸಿ ಕೊಟ್ಟರು.

ಅದೇ ವಾರ ಇನ್ನೊಂದು ಸಲ ನಮ್ಮ ಹೊಸ್ತಿಲಿಗೆ ಬಂದರು. ಹುಬ್ಬಳ್ಳಿಯವರು ಕೆಲಸ ಕೊಡಲು ಒಪ್ಪಿದ್ದಾರೆ. ವಾರಕ್ಕೆ ನಾಲ್ಕು ಹಾಡು. ಹೇಳಿ ಅಲ್ಲೇ ನಿಂತರು. ನಾನು ಮಗ್ಗಗಳ ಕಡೆ ನೋಡಿದೆ. ವಾರಕ್ಕೆ ನಾಲ್ಕು ಹಾಡು, ಹಾಡಿಗೆ ಎಷ್ಟು ಸಲ ನಿಲ್ಲಿಸಬೇಕೋ. ಹೆಂಡತಿ ಲಾಳಿಯಲ್ಲಿ ಮುಗಿಯದ ನೂಲನ್ನು ಬದಲಿಸುತ್ತ ತಲೆ ತಗ್ಗಿಸಿದ್ದಳು. ನಾವೂ ಆ ಗೋಡೆಯ ಒಳಗೇ ಇದ್ದವರು.

"ನೀ ಏನೂ ಹೇಳಬ್ಯಾಡ ತಮ್ಮಾ" ಅಂದರು ಕಾಕಾ. "ನಾ ಏನೂ ಕೇಳಿಲ್ಲ. ಸುದ್ದಿ ಹೇಳಾಕ ಬಂದಿದ್ನಿ. ಒಂದ ಹಾಡ ಆತಲ್ಲ, ಆತು."

ಆಮೇಲೆ ಒಂದೂವರೆ ವರ್ಷ ಬದುಕಿದರು. ಫಿಟ್ಟರಾಗಿಯೇ. ದಪ್ಪ ದನಿಗಳೂ ಒಂದೊಂದೇ ಹೋದವು. ಟ್ರ್ಯಾಕ್ಟರು ಕೇಳದಾಯಿತು, ಗುಡುಗು ಕೇಳದಾಯಿತು. ಆದರೂ ಮಧ್ಯಾಹ್ನ ಊಟವಾದ ಮೇಲೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ಗಿಟಾರಿಗೆ ಗದ್ದ ಒತ್ತಿ ಕೂರುವುದನ್ನು ಬಿಡಲಿಲ್ಲ. ಹೋದ ತಿಂಗಳ ರಜೆಯ ದಿನ ರಬಕವಿಯ ಒಂದು ಶೆಡ್ಡಿನಲ್ಲಿ ಮಗ್ಗದ ಕೆಳಗೆ ಪಾನಾ ಹಿಡಿದು ಮಲಗಿದವರು ಏಳಲಿಲ್ಲ. ಹೃದಯ ನಿಂತಿತ್ತು ಎಂದರು.

ಮಣ್ಣು ಮಾಡಿ ಬಂದ ಮೇಲೆ ನಾನು ಮೂರು ದಿನ ಮಗ್ಗ ಹಾಕಲಿಲ್ಲ. ಓಣಿಯವರೂ ಹಾಕಲಿಲ್ಲ. ಯಾರೂ ಯಾರಿಗೂ ಹೇಳಿರಲಿಲ್ಲ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಗಳು ಹಾಗೇ ಇದ್ದವು. ಗೆರೆ ಬೀಳುತ್ತದೆ ಎಂದು ಗೊತ್ತಿತ್ತು, ಅದರ ಚಿಂತೆ ಒಬ್ಬರಿಗೂ ಇರಲಿಲ್ಲ. ಅಷ್ಟು ಸುಲಭವಾಗಿ ನಿಂತವು.

ಮೂರನೆಯ ದಿನ ಬೆಳಿಗ್ಗೆ ಆಚೆ ಹೋದೆ. ಚಿಗವ್ವ ಆ ಮೂಲೆಯ ಹತ್ತಿರ, ಜೋಳದ ಡಬ್ಬಿಗೆ ಒರಗಿ ಕೂತಿದ್ದಳು. ಮಾಡದ ಪಾತ್ರೆಗಳು ಇಟ್ಟಲ್ಲೇ ಇದ್ದವು. ಹೊರಗೆ ಎಲ್ಲಿಯೋ ಒಂದು ಹಕ್ಕಿ ಕೂಗಿದ್ದು ಮನೆಯ ಒಳಗೆ ಕೇಳಿತು. ನಾನು ಅವಳ ಪಕ್ಕ ಕೂತೆ. ಅವಳು ಗಿಟಾರಿನ ಕಡೆ ನೋಡಿ ಹೇಳಿದಳು.

"ಎಷ್ಟ ಸುಮ್ನ ಐತಿ ನೋಡ ತಮ್ಮಾ. ಇವತ್ತ ಬಾರಿಸಿದ್ರ ಛಲೋ ಬರತಿತ್ತು."